ಮೋಂ ವಾಂತೂ: ಮೊದಲು ಸುತ್ತು, ಆಮೇಲೆ ನೆತ್ತಿ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಮೋಂ ವಾಂತೂ ಒಂಟಿ ಬೆಟ್ಟ. ಎತ್ತರ 1,909 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಒಂದಿಷ್ಟೇ ಕಡಿಮೆ. ಆದರೆ ಬುಡದ ಬೆದ್ವಾಂ ಊರು ಇರುವುದು 300 ಮೀಟರಿನಲ್ಲಿ. ಅಂದರೆ ಸೈಕಲ್ಲಿನಲ್ಲಿ, ನಡುವೆ ಎಲ್ಲೂ ಇಳಿಜಾರಿನ ಬಿಡುವಿಲ್ಲದೆ 1,600 ಮೀಟರ್ ಏರಬೇಕು. ಬೆಂಗಳೂರಿನ ಸೈಕಲ್ ಮಂದಿ ಭಾನುವಾರ ಹತ್ತುವ ನಂದಿ ಬೆಟ್ಟದ ಮೂರೂವರೆ ಪಟ್ಟು.

ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು ನೋಡಿ ಬಂದವರು ಮರುದಿನವೇ ನೆತ್ತಿಗೆ ಹೊರಟುಬಿಡುತ್ತಾರೆ. ಅದು ಉಲ್ಟಾ ಕ್ರಮ. ಮೊದಲ ದಿನ ಬೆಟ್ಟವನ್ನು ಸುತ್ತಬೇಕು. ಬಾಡಿಗೆ ಸೈಕಲ್ಲಿನ ಸೀಟು, ಗೇರು, ಬ್ರೇಕು ಮೈಗೆ ಹೊಂದುತ್ತವೆಯೇ ಎಂಬುದು ಆಗ ಗೊತ್ತಾಗುತ್ತದೆ, ಗಾಳಿಯ ಪರಿಚಯವೂ ಆಗುತ್ತದೆ. ಅಲ್ಲದೆ, ನೆತ್ತಿಗಿಂತ ಸುತ್ತೇ ಚೆನ್ನ.

ಪ್ಯಾರಿಸಿನಿಂದ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಅವಿನ್ಯೋಂ, ಅಲ್ಲಿಂದ ಟಿಇಆರ್ ಎಂಬ ಪ್ರಾದೇಶಿಕ ರೈಲಿನಲ್ಲಿ ಕಾರ್ಪಾಂತ್ರಾ. ಟಿಜಿವಿಗೆ ಸೈಕಲ್ ಒಯ್ಯುವುದಾದರೆ ಚಕ್ರ ಬಿಚ್ಚಿ 130 × 90 ಸೆಂ.ಮೀ. ಮೀರದ ಚೀಲದಲ್ಲಿ ಹಾಕಿರಬೇಕು. ಟಿಇಆರ್‌ನಲ್ಲಿ ಸಾಮಾನ್ಯವಾಗಿ ಬಿಚ್ಚುವ ಗೋಜಿಲ್ಲ, ಇದ್ದ ಹಾಗೇ ಹತ್ತಿಸಬಹುದು. ಕಾರ್ಪಾಂತ್ರಾದಿಂದ ಬೆದ್ವಾಂ ಸುಮಾರು 15 ಕಿ.ಮೀ., ತುಳಿದುಕೊಂಡೇ ಹೋಗುವಷ್ಟು ದೂರ.

ಬೆದ್ವಾಂನಲ್ಲಿ ಬಾಡಿಗೆಗೆ ಒಳ್ಳೆಯ ರೋಡ್ ಬೈಕುಗಳು ಸಿಗುತ್ತವೆ. ಪೆಡಲ್ ಮಾತ್ರ ನಿಮ್ಮದೇ ಒಯ್ಯಿರಿ. ಸೈಕಲ್ ಕೈಗೆ ಬಂದ ಕೂಡಲೇ ಯಾವ ಲಿವರ್ ಯಾವ ಚಕ್ರದ್ದೆಂದು ನಿಂತಲ್ಲೇ ಒತ್ತಿ ನೋಡಬೇಕು. ನಮ್ಮಲ್ಲಿ ಮುಂದಿನ ಬ್ರೇಕ್ ಹೆಚ್ಚಾಗಿ ಬಲಗೈಯಲ್ಲಿ, ಅಲ್ಲಿ ಎಡಗೈಯಲ್ಲಿ. ರೂಢಿಯಂತೆ ಎಡಗೈ ಹಿಂದಿನ ಚಕ್ರದ್ದೆಂದುಕೊಂಡು ಇಳಿಜಾರಿನ ತಿರುವಿನಲ್ಲಿ ಜೋರಾಗಿ ಎಳೆದರೆ ಸವಾರ ಹ್ಯಾಂಡಲ್ ದಾಟಿ ಬೀಳುತ್ತಾನೆ. ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ವೃತ್ತಗಳಲ್ಲಿ ಎಡಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಊರ ಹೊರಗೆ ಕಾರಿನವರು ಸೈಕಲ್ಲಿನಿಂದ ಒಂದೂವರೆ ಮೀಟರ್ ಬಿಟ್ಟು ಮುಂದೆ ಹೋಗಬೇಕೆಂಬ ಕಾನೂನಿದೆ, ಬಹುಪಾಲು ಜನ ಪಾಲಿಸುತ್ತಾರೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸೈಕಲ್ ಓಡಿಸಿದರೆ ದಂಡ.

ಬುಕ್ ಮಾಡುವಾಗ ಅಂಗಡಿಯವರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಸೈಕಲ್ಲಿನ ಬ್ರ್ಯಾಂಡಿನದಲ್ಲ, ಅತಿ ಹಗುರ ಗೇರಿನದು. ಮುಂದಿನ ಹಲ್ಲುಗಾಲಿಗೆ 34 ಹಲ್ಲು, ಹಿಂದಿನದಕ್ಕೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೇ ಸುತ್ತು ತಿರುಗುತ್ತದೆ, ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. 75 ಕೆ.ಜಿ. ಸವಾರ, 10 ಕೆ.ಜಿ. ಸೈಕಲ್ಲು ಮತ್ತು ಸಾಮಾನು ಎಂದು ಲೆಕ್ಕ ಹಾಕಿದರೆ ಶೇ. 9ರ ಏರಿನಲ್ಲಿ ಇಷ್ಟಕ್ಕೇ ಸುಮಾರು 170 ವಾಟ್ ಬೇಕು. ಹಿಂದಿನ ದೊಡ್ಡ ಹಲ್ಲುಗಾಲಿ 28ರದ್ದಾಗಿದ್ದರೆ ಅದೇ 60 ಸುತ್ತಿಗೆ 205 ವಾಟ್ ಬೇಕಾಗುತ್ತದೆ. ಅಷ್ಟು ಶಕ್ತಿ ಇಲ್ಲದವರಿಗೆ ತುಳಿತ 45–50 ಸುತ್ತಿಗೆ ಇಳಿಯುತ್ತದೆ, ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಈ ಬೆಟ್ಟದಲ್ಲಿ ಅರ್ಧಕ್ಕೆ ನಿಲ್ಲುವ ಬಹಳ ಮಂದಿಗೆ ಉಸಿರು ಸಾಲದೆ ಹೋಗಿರುವುದಿಲ್ಲ, ಗೇರು ಸಾಲದೆ ಹೋಗಿರುತ್ತದೆ.

ಸುತ್ತಿನ ದಾರಿ ಸುಮಾರು 100 ಕಿ.ಮೀ., ಒಟ್ಟು ಏರು 1,200 ಮೀಟರ್ ಆಸುಪಾಸು. ಗಾಳಿ ಇಲ್ಲದ ದಿನ ಬೆದ್ವಾಂನಿಂದ ಬೆಳಿಗ್ಗೆ ಏಳಕ್ಕೆ ಪೂರ್ವಕ್ಕೆ ಹೊರಡುವುದು. ಫ್ಲಸಾಂ ಹಾದು ವೀಲ್-ಸುರ್-ಓಜೋಂ ತನಕ ದ್ರಾಕ್ಷಿ ತೋಟ, ಚೆರಿ ಮರಗಳ ನಡುವೆ ಚಿಕ್ಕ ಚಿಕ್ಕ ಏರಿಳಿತ. ವೀಲ್‌ನಲ್ಲಿ ಎರಡೂ ಬಾಟಲಿ ತುಂಬಿಸಿಕೊಳ್ಳಿ. ಮುಂದಿನ ಇಪ್ಪತ್ತು ಕಿ.ಮೀ.ಗೂ ಹೆಚ್ಚು ದೂರ, ಮೋನಿಯು ಬರುವ ತನಕ, ನೀರನ್ನೂ ಅಂಗಡಿಯನ್ನೂ ಮೊಬೈಲ್ ಸಿಗ್ನಲ್ಲನ್ನೂ ನಂಬುವಂತಿಲ್ಲ.

ಆ ಇಪ್ಪತ್ತು ಕಿ.ಮೀ.ಯೇ ಈ ಸೀಮೆಯ ಅತಿ ಸೊಗಸಾದ ರಸ್ತೆ. ನೆಸ್ಕ್ ನದಿ ಸುಣ್ಣಕಲ್ಲಿನ ಗುಡ್ಡವನ್ನು ಕೊರೆದ ಕಮರಿಯ ಅಂಚಿನಲ್ಲೇ ಡಿ942 ರಸ್ತೆ ಬಳುಕುತ್ತಾ ಏರುತ್ತದೆ. ಏರು ಶೇ. 2–3 ಮಾತ್ರ, ಮಾತಾಡಿಕೊಂಡು ತುಳಿಯಬಹುದು. ಹೊಸಬರು ಇಲ್ಲೇ ಮೋಸ ಹೋಗುತ್ತಾರೆ: ಏರೇ ಇಲ್ಲವೆನ್ನಿಸಿ ಭಾರದ ಗೇರು ಹಾಕಿ ತಳ್ಳುತ್ತಾರೆ, ಮಧ್ಯಾಹ್ನಕ್ಕೆ ತೊಡೆ ಹಿಡಿದುಕೊಳ್ಳುತ್ತದೆ. ಕಮರಿ ಬಲಗಡೆ ಇರುವುದರಿಂದ ನೋಟ ಹತ್ತಿರ, ಮೋಟುಗೋಡೆಯೂ ಹತ್ತಿರ. ದಾರಿಯಲ್ಲಿ ಬಂಡೆ ಕೊರೆದ ಪುಟ್ಟ ಸುರಂಗಗಳಿವೆ, ಒಳಗೆ ದೀಪವಿಲ್ಲ. ಕಪ್ಪು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಹಿಂದಿನ ದೀಪ ಹಾಕಿಕೊಂಡು ನುಗ್ಗಬೇಕು. ಮಳೆ ಬಂದ ಮರುದಿನ ಬಂಡೆಯ ಚೂರುಗಳು ರಸ್ತೆಗೆ ಉದುರಿರುತ್ತವೆ. 734 ಮೀಟರಿನಲ್ಲಿ ನೋಟದ ಕಟ್ಟೆ ಸಿಗುತ್ತದೆ. ಎದುರಿಗೆ 872 ಮೀಟರಿನ ರೊಶೆ ದು ಸೀರ್ ಬಂಡೆ ನೆಟ್ಟಗೆ ನಿಂತಿದೆ. ವಾರದ ಕೊನೆಯಲ್ಲಿ ಹತ್ತು ಗಂಟೆಯ ಮೇಲೆ ಇಲ್ಲಿ ಮೋಟಾರ್‌ಬೈಕುಗಳ ದಂಡು. ಏಳಕ್ಕೆ ಹೊರಡಿ ಎಂದದ್ದು ಇದಕ್ಕೇ.

ಮೋನಿಯು ದಾಟಿ ಸೋ ಎಂಬ ಊರಿಗೆ ಹನ್ನೊಂದರೊಳಗೆ ತಲುಪಿದರೆ ಊಟ ಸಿಗುತ್ತದೆ. ಹನ್ನೆರಡೂವರೆಯಾದರೆ ಅಂಗಡಿಗಳು ಬಾಗಿಲು ಹಾಕುತ್ತವೆ, ಮತ್ತೆ ತೆಗೆಯುವುದು ಮೂರರ ಹೊತ್ತಿಗೆ. ಮಾಂಸ ತಿನ್ನದವರು ಬೇಕರಿಯಲ್ಲಿ ಕೇಳಿ ಕೊಳ್ಳಬೇಕು. ಕೀಶ್ ಲೊರೇನ್‌ನಲ್ಲಿ ಹಂದಿಮಾಂಸ, ಈರುಳ್ಳಿಯ ಪಿಸಲಾದಿಯೇರ್‌ನಲ್ಲಿ ಮೀನು. ಆಲಿವ್ ಹಾಕಿದ ಫುಗಾಸ್ ಬ್ರೆಡ್ಡು, ಚೀಸು, ಬಾಳೆಹಣ್ಣು ಸಾಕು. ಬಾದಾಮಿ, ಜೇನು, ಮೊಟ್ಟೆಯ ಬಿಳಿ ಹಾಕಿ ಮಾಡುವ ನೂಗಾ ಮಿಠಾಯಿ ಈ ಊರಿನ ವಿಶೇಷ. ಯಾವ ಎನರ್ಜಿ ಜೆಲ್ಲಿಗೂ ಕಡಿಮೆಯಿಲ್ಲ, ಜೇಬಿನಲ್ಲಿ ಕರಗುವುದೂ ಇಲ್ಲ. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಸುತ್ತಲಿನ ಹೊಲಗಳೆಲ್ಲ ಲ್ಯಾವೆಂಡರ್. ಆಗ ಜೇನುನೊಣಗಳ ಕಾಲವೂ ಹೌದು, ಜೆರ್ಸಿಯ ಜಿಪ್ ಕುತ್ತಿಗೆಯವರೆಗೆ ಎಳೆದುಕೊಳ್ಳಿ.

ಸೋದಿಂದ ಒರೆಲ್ ಮೂಲಕ ಮೋಂಬ್ರಂ-ಲೆ-ಬ್ಯಾಂಗೆ ಇಳಿಯುವಾಗ ವೊಕ್ಲೂಜ್ ಜಿಲ್ಲೆ ಮುಗಿದು ದ್ರೋಮ್ ಶುರುವಾಗುತ್ತದೆ. ಜಿಲ್ಲೆ ಬದಲಾದರೆ ಅದೇ ರಸ್ತೆಯ ನಂಬರ್ ಬದಲಾಗಬಹುದು, ಹಾಗಾಗಿ ಫಲಕದಲ್ಲಿ ಊರಿನ ಹೆಸರನ್ನೇ ಹಿಡಿಯಿರಿ. ಅಲ್ಲಿಂದ ಪಶ್ಚಿಮಕ್ಕೆ ತುಲುರಾಂ ಕಣಿವೆ. ಎಡಗಡೆ ವಾಂತೂವಿನ ಕಡಿದಾದ ಉತ್ತರ ಮೈ, ಬಲಗಡೆ ಎತ್ತರದಲ್ಲಿ ಬಂಡೆಗೆ ಅಂಟಿದ ಬ್ರಾಂತ್ ಹಳ್ಳಿ. ರಸ್ತೆ ಒಟ್ಟಾರೆ ಇಳಿಜಾರು. ಬೇಸಿಗೆಯಲ್ಲಿ ಇಂಥ ಚಿಕ್ಕ ರಸ್ತೆಗಳಿಗೆ ಟಾರು ಬಳಿದು ಮೇಲೆ ಜಲ್ಲಿ ಚೆಲ್ಲಿ ಬಿಡುತ್ತಾರೆ. ವಾಹನ ಓಡಾಡಿಯೇ ಅದು ಕೂರಬೇಕು. ‘ಗ್ರಾವಿಯೋಂ’ ಎಂಬ ಫಲಕ ಕಂಡರೆ ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟಬೇಡಿ. ಟೈರು 28 ಮಿ.ಮೀ. ಅಗಲದ್ದಿರಲಿ. ಗಾಳಿ 5 ಬಾರ್, ಅಂದರೆ 72 ಪಿಎಸ್‌ಐ ಸಾಕು. ನೂರು ಪಿಎಸ್‌ಐ ತುಂಬುವ ಹಳೆಯ ರೂಢಿಯಿಂದ ಜಲ್ಲಿಯ ಮೇಲೆ ಟೈರು ಕುಪ್ಪಳಿಸುತ್ತದೆ, ಹಿಡಿತ ತಪ್ಪುತ್ತದೆ.

ಮೊಲಾಂ, ಆಂತ್ರಶೋ, ಮಲೊಸೆನ್ ಹಾದು 448 ಮೀಟರಿನ ಮದ್ಲೆನ್ ಘಾಟಿಯ ಸಣ್ಣ ಏರು ಹತ್ತಿದರೆ ಮರಳಿ ಬೆದ್ವಾಂ. ದಾರಿಯ ಊರುಗಳಲ್ಲಿ ಕಾರಂಜಿ ಕಂಡರೆ ಫಲಕ ಓದಿ. ‘ಓ ಪೊತಾಬ್ಲ್’ ಎಂದರೆ ಕುಡಿಯಬಹುದು, ನಡುವೆ ‘ನೋಂ’ ಇದ್ದರೆ ಕೂಡದು. ಏನೂ ಸಿಗದಿದ್ದರೆ ಊರ ಸ್ಮಶಾನಕ್ಕೆ ಹೋಗಿ. ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇದ್ದೇ ಇರುತ್ತದೆ, ಫ್ರೆಂಚ್ ಸವಾರರೆಲ್ಲ ಹೀಗೇ ಮಾಡುತ್ತಾರೆ. ಅಲ್ಲೂ ಫಲಕ ನೋಡಿಕೊಳ್ಳಬೇಕು.

ಗಾಳಿ ಇದ್ದರೆ ಸುತ್ತಿನ ದಿಕ್ಕನ್ನೇ ತಿರುಗಿಸಿ. ಮಿಸ್ತ್ರಾಲ್ ಎಂಬ ಇಲ್ಲಿನ ಗಾಳಿ ಬೀಸುವುದು ಉತ್ತರ, ವಾಯವ್ಯದಿಂದ. ಮೇಲಿನ ಕ್ರಮದಲ್ಲಿ ಹೋದರೆ ದಣಿದ ಹೊತ್ತಿಗೆ ತುಲುರಾಂ ಕಣಿವೆಯಲ್ಲಿ ಎದುರುಗಾಳಿ ಸಿಕ್ಕಿ, ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ. ಮೊದಲು ಮಲೊಸೆನ್, ಮೊಲಾಂ ಕಡೆಗೆ ಹೋದರೆ ಹೊಸ ಕಾಲಿನಲ್ಲೇ ಗಾಳಿ ಎದುರಿಸಿದಂತಾಗುತ್ತದೆ. ಮೋಂಬ್ರಂನಿಂದ ಸೋಗೆ ಗಾಳಿಯೇ ನೂಕುತ್ತದೆ, ಕಮರಿಯನ್ನು ಇಳಿಯುತ್ತಾ ಬರಬಹುದು.

ನೆತ್ತಿಯ ಮೇಲೆ ಮಿಸ್ತ್ರಾಲ್ ಇರುವ ದಿನ ಹತ್ತಲೇಬೇಡಿ. 2016ರ ಟೂರ್ ಡಿ ಫ್ರಾನ್ಸ್‌ನಲ್ಲಿ ಇದೇ ಗಾಳಿಗಾಗಿ ಮುಕ್ತಾಯದ ಗೆರೆಯನ್ನು ಆರು ಕಿ.ಮೀ. ಕೆಳಗಿನ ಶಾಲೇ ರೆನಾರ್ ಎಂಬಲ್ಲಿಗೆ ಇಳಿಸಿದ್ದರು. ಹಗುರ ಸವಾರನನ್ನು, ಅದರಲ್ಲೂ ಎತ್ತರದ ರಿಮ್ಮಿನ ಚಕ್ರವಿದ್ದವನನ್ನು, ಅಡ್ಡಗಾಳಿ ಎದುರು ಬದಿಗೆ ತಳ್ಳುತ್ತದೆ.

ಹತ್ತಲು ಮೂರು ದಾರಿ. ಬೆದ್ವಾಂನಿಂದ 21 ಕಿ.ಮೀ., ಮಲೊಸೆನ್‌ನಿಂದ ಸರಿಸುಮಾರು ಅಷ್ಟೇ, ಎರಡೂ ಸರಾಸರಿ ಶೇ. 7.5. ಸೋದಿಂದ 26 ಕಿ.ಮೀ., ಸರಾಸರಿ ಶೇ. 4.5 ಮಾತ್ರ. ಮೊದಲ ಸಲ ಬಂದವರಿಗೆ ಸೋ ದಾರಿಯೇ ಸರಿ, ಅದಕ್ಕೆ ನಾಚಬೇಕಾಗಿಲ್ಲ. ಬೆದ್ವಾಂ ದಾರಿಯೇ ಬೇಕೆಂದರೆ ಮೊದಲ ಐದಾರು ಕಿ.ಮೀ. ಬೇಕೆಂದೇ ನಿಧಾನವಾಗಿ ಹೋಗಿ. ಸ್ಯಾಂತೆಸ್ತೆವ್ ಎಂಬಲ್ಲಿ ರಸ್ತೆ ಎಡಕ್ಕೆ ಹೊರಳಿ ಕಾಡು ಹೊಕ್ಕ ಮೇಲೆ ಶಾಲೇ ರೆನಾರ್ ತನಕ ಸುಮಾರು ಒಂಬತ್ತು ಕಿ.ಮೀ. ಶೇ. 9ರ ಏರು, ಅಲ್ಲಲ್ಲಿ ಹತ್ತರ ಮೇಲೆ. ಕಾಲಿಗೆ ಬಿಡುವು ಕೊಡುವಂಥ ತಿರುವುಗಳೂ ಕಡಿಮೆ. ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳ ಮೇಲೆ ಮುಂದಿನ ಕಿ.ಮೀ.ಯ ಏರು ಬರೆದಿರುತ್ತದೆ. ಹಿಂದೆ ಹೇಳಿದ 170 ವಾಟ್‌ನಲ್ಲಿ ಒಟ್ಟು ಎರಡೂವರೆ ಗಂಟೆ ಹಿಡಿಯುತ್ತದೆ. ಗಂಟೆಗೆ 60 ಗ್ರಾಂ ಸಕ್ಕರೆ ಅಂಶ ಹೊಟ್ಟೆಗೆ ಹೋಗಬೇಕು. ಹಸಿವಾದ ಮೇಲೆ ತಿಂದರೆ ತಡವಾಯಿತು.

ಶಾಲೇ ರೆನಾರ್ ಇರುವುದು 1,417 ಮೀಟರಿನಲ್ಲಿ. ಮುಂದಿನ ಆರು ಕಿ.ಮೀ. ಮರವಿಲ್ಲದ ಬಿಳಿ ಕಲ್ಲು. ನೆರಳಿಲ್ಲ, ಕೆಳಗಿನಿಂದ ಬಿಸಿಲು ಪ್ರತಿಫಲಿಸುತ್ತದೆ. 1967ರ ಜುಲೈ 13ರಂದು ಇಂಗ್ಲಿಷ್ ಸವಾರ ಟಾಮ್ ಸಿಂಪ್ಸನ್ ಸುಡುಬಿಸಿಲು, ನೀರಿನ ಕೊರತೆ, ಆಂಫೆಟಮಿನ್ ಎಂಬ ಉತ್ತೇಜಕ ಮದ್ದು ಮೂರೂ ಸೇರಿ ಸತ್ತದ್ದು ಈ ಭಾಗದಲ್ಲೇ. ನೆತ್ತಿಗೆ ಒಂದೂವರೆ ಕಿ.ಮೀ. ಇರುವಾಗ ಅವನ ಸ್ಮಾರಕ ಸಿಗುತ್ತದೆ. ಸವಾರರು ಅಲ್ಲಿ ನೀರಿನ ಬಾಟಲಿ, ಟೋಪಿ ಇಟ್ಟು ಹೋಗುತ್ತಾರೆ. ಕೊನೆಯ ತಿರುವು ಮತ್ತೆ ಕಡಿದು.

ಮೇಲೆ ಬುಡಕ್ಕಿಂತ ಹತ್ತು ಡಿಗ್ರಿ ತಣ್ಣಗಿರುತ್ತದೆ, ಮೈ ಬೆವರಿನಿಂದ ತೊಯ್ದಿರುತ್ತದೆ. ಗಾಳಿ ತಡೆಯುವ ತೆಳು ಜಾಕೆಟ್ಟು, ಬೆರಳು ಮುಚ್ಚುವ ಕೈಗವಸು ಇಲ್ಲದೆ ಇಳಿದರೆ ಬೆರಳು ಮರಗಟ್ಟಿ ಲಿವರ್ ಒತ್ತಲಾಗುವುದಿಲ್ಲ. ಬ್ರೇಕನ್ನು ಉದ್ದಕ್ಕೂ ಸವರುತ್ತಾ ಇಳಿಯಬೇಡಿ. ರಿಮ್ ಬ್ರೇಕಾದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು, ಡಿಸ್ಕ್ ಆದರೆ ಹಿಡಿತ ಸಡಿಲವಾಗುತ್ತದೆ. ನೇರ ರಸ್ತೆಯಲ್ಲಿ ಬಿಟ್ಟು, ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು, ಮತ್ತೆ ಬಿಡಬೇಕು. ನವೆಂಬರ್ ಮಧ್ಯದಿಂದ ಏಪ್ರಿಲ್, ಮೇ ತನಕ ಹಿಮಕ್ಕಾಗಿ ನೆತ್ತಿಯ ರಸ್ತೆ ಮುಚ್ಚಿರುತ್ತದೆ. ತೆರೆದಿದೆಯೇ ಎಂಬ ಫಲಕ ಬುಡದಲ್ಲೇ ಇದೆ. ಸೋಮವಾರ ಬೆಳಿಗ್ಗೆ ಬೆದ್ವಾಂಗೆ ಇಳಿದರೆ ಮುಖ್ಯ ಬೀದಿ ತುಂಬ ಸಂತೆ, ಅಲ್ಲಿ ಸೈಕಲ್ ತಳ್ಳಿಕೊಂಡೇ ಹೋಗಬೇಕು.