ಇಷ್ಟೇ ಜನ ಇಟ್ಕೊಂಡು ಹಬ್ಬ ಹೇಗೆ ಮಾಡ್ತಾರೆ?

ಮುಂಬೈ ಪಕ್ಕದ ಠಾಣೆ ಊರಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ನಮ್ಮೂರು ಸಾಗರಕ್ಕೆ ಹೋದಾಗಲೆಲ್ಲ ನಮ್ಮ ಕೆಳಗಿನ ಮನೆಯವರ ಸುದ್ದಿ ಬಂದೇ ಬರುತ್ತದೆ. ಅವರು ಯಹೂದಿಗಳು ಅಂದ ಕೂಡಲೇ ಮೊದಲ ಪ್ರಶ್ನೆ, "ನಮ್ಮ ದೇಶದಲ್ಲೂ ಇದ್ದಾರಾ?" ಇದ್ದಾರೆ. ಇಡೀ ಭಾರತ ಸೇರಿಸಿ ನಾಲ್ಕೈದು ಸಾವಿರ. ಅದನ್ನು ಕೇಳಿದ ಮೇಲೆ ಎರಡನೆಯದು: "ಅಯ್ಯೋ, ಇಷ್ಟೇ ಜನ ಇಟ್ಕೊಂಡು ಹಬ್ಬ ಹರಿದಿನ ಹೇಗೆ ಮಾಡ್ತಾರೆ?" ಚಿಕ್ಕಮ್ಮ ಕೇಳಿದ್ದಾರೆ, ಭಾವ ಕೇಳಿದ್ದಾರೆ, ಆಫೀಸಿನವರು ಕೇಳಿದ್ದಾರೆ. "ನಮ್ಮ ಮಾರಿಜಾತ್ರೆ ದಿನ ಒಂದು ಬೀದಿಯಲ್ಲೇ ಅದಕ್ಕಿಂತ ಜಾಸ್ತಿ ಜನ ಇರ್ತಾರಲ್ಲೇ" ಅಂದವರೂ ಇದ್ದಾರೆ.

ಪ್ರತಿ ಸಲ ಅಷ್ಟಿಷ್ಟು ಹೇಳಿ ಸುಮ್ಮನಾಗುತ್ತಿದ್ದೆ. ಈಗ ಪೂರ್ತಿ ಬರೆದುಬಿಡುತ್ತೇನೆ. ನಾನು ಅವರ ಧರ್ಮದವಳಲ್ಲ. ಪಕ್ಕದಲ್ಲಿದ್ದು ಕಂಡಿದ್ದು, ಕೇಳಿದ್ದು, ತಿಂದಿದ್ದು ಇಷ್ಟು.

ಇವರನ್ನು ಬೆನೆ ಇಸ್ರೇಲ್ ಅನ್ನುತ್ತಾರೆ. ಯಾವುದೋ ಕಾಲದಲ್ಲಿ ಅಲಿಬಾಗ್ ಹತ್ತಿರದ ನವಗಾಂವ್ ಕಡಲಲ್ಲಿ ಹಡಗು ಒಡೆದು, ಏಳು ಗಂಡಸರು, ಏಳು ಹೆಂಗಸರು ಮಾತ್ರ ದಡ ಸೇರಿದರಂತೆ. ಅವರ ಸಂತತಿ ಇವರು ಅನ್ನುವುದು ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಹಾಕಿಕೊಂಡು ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಮಾತ್ರ ಗಾಣ ನಿಲ್ಲುತ್ತಿತ್ತು. ಹಾಗಾಗಿ ಊರವರು ಇಟ್ಟ ಹೆಸರು 'ಶನಿವಾರ ತೇಲಿ', ಅಂದರೆ ಶನಿವಾರ ರಜಾ ಮಾಡುವ ಗಾಣಿಗರು. ಮನೆಮಾತು ಮರಾಠಿ. ಅಡ್ಡಹೆಸರು ಊರಿನ ಹೆಸರಿಗೆ 'ಕರ್' ಸೇರಿಸಿದ್ದು: ಪೇಣ್‌ಕರ್, ರೋಹೇಕರ್, ಹೀಗೆ. ಒಂದು ಕಾಲಕ್ಕೆ ಇಪ್ಪತ್ತು ಸಾವಿರದಷ್ಟು ಇದ್ದರು. 1948ರಲ್ಲಿ ಇಸ್ರೇಲ್ ದೇಶ ಆದ ಮೇಲೆ ಒಂದೊಂದೇ ಮನೆ ಹೊರಟಿತು. ಉಳಿದವರಲ್ಲಿ ಹೆಚ್ಚಿನವರು ಮುಂಬೈ, ಠಾಣೆಯಲ್ಲಿದ್ದಾರೆ.

ಇನ್ನು ಪ್ರಶ್ನೆಗೆ ಬರೋಣ. ನಾಲ್ಕೈದು ಸಾವಿರ ಅನ್ನುವುದು ನಮ್ಮ ಲೆಕ್ಕ. ಅವರ ಲೆಕ್ಕವೇ ಬೇರೆ. ಅವರಿಗೆ ಬೇಕಾಗಿರುವುದು ಹತ್ತು.

ಹದಿಮೂರು ತುಂಬಿದ ಹತ್ತು ಗಂಡಸರು ಸೇರಿದರೆ ಅದು ಸಭೆ. ಅದಕ್ಕೆ ಮಿನ್ಯಾನ್ ಅನ್ನುತ್ತಾರೆ. ಒಂಬತ್ತೇ ಜನ ಇದ್ದರೆ ತಮ್ಮ ತಮ್ಮ ಪಾಡಿಗೆ ಪ್ರಾರ್ಥನೆ ಮಾಡಬಹುದು, ಆದರೆ ಅವರ ಧರ್ಮಗ್ರಂಥ ತೋರಾದ ಸುರುಳಿ ತೆಗೆದು ಸಭೆಯಲ್ಲಿ ಓದುವ ಹಾಗಿಲ್ಲ. ತೀರಿಹೋದವರಿಗಾಗಿ ಹೇಳುವ ಕದ್ದಿಶ್ ಹೇಳುವ ಹಾಗಿಲ್ಲ. ಅಂದರೆ ಅವರಲ್ಲಿ ಒಬ್ಬರು ತಮ್ಮ ಅಪ್ಪನ ತಿಥಿ ದಿನ ಆ ನಾಲ್ಕು ಮಾತು ಹೇಳಬೇಕಾದರೆ ಬೇರೆ ಒಂಬತ್ತು ಮನೆಯವರು ಎದ್ದು ಸ್ನಾನ ಮಾಡಿ ಬಂದಿರಬೇಕು. ನಮ್ಮಲ್ಲಿ ಪುರೋಹಿತರು ಒಬ್ಬರು ಸಿಕ್ಕರೆ ಸಾಕು, ಅಲ್ವಾ?

ಠಾಣೆಯಲ್ಲಿ ಹಬ್ಬದ ದಿನ ಹತ್ತು ಜನಕ್ಕೆ ಬರವಿಲ್ಲ. ಟೆಂಭಿ ನಾಕಾದಲ್ಲಿ 1879ರ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ, ಇದೆ. ಹೆಸರು ಶಾರ್ ಹಾಶಮಾಯಿಮ್, ಸ್ವರ್ಗದ ಬಾಗಿಲು ಅಂತ ಅರ್ಥ. ಹಬ್ಬಕ್ಕೆ ತುಂಬಿರುತ್ತದೆ. ಕಷ್ಟ ಇರುವುದು ಕೊಂಕಣದ ಊರುಗಳಲ್ಲಿ. ಅಲಿಬಾಗ್, ಪೇಣ್, ರೇವದಂಡಾದಲ್ಲೆಲ್ಲ ಸಿನಗಾಗ್ ಗಟ್ಟಿಯಾಗಿ ನಿಂತಿವೆ, ಒಳಗೆ ಕೂರುವ ಮನೆಯವರು ಹೊರಟುಹೋಗಿದ್ದಾರೆ.

ನಮ್ಮ ಕೆಳಗಿನ ಮನೆಯ ಕಾಕಾ ಆ ಕಡೆಯವರು. ವರ್ಷಕ್ಕೆ ಒಂದೆರಡು ಹಬ್ಬಕ್ಕೆ ಊರಿಗೆ ಹೋಗುತ್ತಾರೆ. ಹಬ್ಬಕ್ಕೆ ಹದಿನೈದು ದಿನ ಮುಂಚಿನಿಂದ ಅವರ ಮನೆಯಲ್ಲಿ ಫೋನ್ ಶುರು. ಹಳೆಯ ಡೈರಿಯಲ್ಲಿ ಹೆಸರುಗಳ ಪಟ್ಟಿ. ಯಾರು ಬರ್ತಾರೆ, ಯಾರ ಮಂಡಿ ನೋವು, ಯಾರ ಮೊಮ್ಮಗನಿಗೆ ಹದಿಮೂರು ತುಂಬಿತು. ಹದಿಮೂರು ತುಂಬಿದ ಹುಡುಗ ಅಂದರೆ ಕಾಕಾಗೆ ಲಾಟರಿ ಹೊಡೆದ ಹಾಗೆ. ಕೆಲವು ಹೆಸರಿನ ಮುಂದೆ 'ಅಶ್ದೋದ್' ಅಂತ ಬರೆದಿದೆ. ಅದು ಇಸ್ರೇಲಿನ ಊರು. ಅಲ್ಲಿಗೆ ಹೋದವರು ಲೆಕ್ಕಕ್ಕಿಲ್ಲ, ಆದರೂ ಹೆಸರು ಹೊಡೆದುಹಾಕಿಲ್ಲ.

ಒಮ್ಮೆ ಹಬ್ಬದ ಹಿಂದಿನ ಸಂಜೆ ಒಂಬತ್ತು ಜನ ಸೇರಿಬಿಟ್ಟಿದ್ದರಂತೆ. ಹತ್ತನೆಯವರು ಬರುತ್ತಿದ್ದ ಎಸ್‌ಟಿ ಬಸ್ಸು ವಡಖಳ್ ನಾಕಾದ ಟ್ರಾಫಿಕ್ಕಿನಲ್ಲಿ ನಿಂತಿತ್ತು. ಹೊತ್ತು ಮುಳುಗಿದರೆ ಹಬ್ಬ ಶುರು, ಹಬ್ಬ ಶುರುವಾದರೆ ವಾಹನ ಹತ್ತುವ ಹಾಗಿಲ್ಲ. ಇವರು ಬೀದಿಯ ಕೊನೆವರೆಗೂ ಹೋಗಿ ನೋಡುವುದು, ಬರುವುದು. ಅವರು ಬಂದಿದ್ದು ರಾತ್ರಿ ಎಂಟಕ್ಕೆ. "ಹೊತ್ತು ಮೀರಿ ಬಸ್ಸಲ್ಲಿ ಬಂದ್ರಲ್ಲ, ಯಾರೂ ಏನೂ ಅನ್ನಲಿಲ್ವಾ?" ಅಂತ ಕೇಳಿದೆ. ಕಾಕಾ ನನ್ನ ಮುಖ ನೋಡಿದರು. "ಅನ್ನೋದು ಯಾಕೆ? ಟೋಪಿ ಕೊಟ್ವಿ, ಕೂರಿಸಿದ್ವಿ, ಶುರು ಮಾಡಿದ್ವಿ" ಅಂದರು.

ಹೆಂಗಸರನ್ನು ಈ ಹತ್ತರಲ್ಲಿ ಎಣಿಸುವುದಿಲ್ಲ. ನನಗೆ ಇದು ಇವತ್ತಿಗೂ ಸರಿ ಅನಿಸುವುದಿಲ್ಲ. ಒಂಬತ್ತು ಗಂಡಸರು, ಹದಿನೈದು ಹೆಂಗಸರು ಇದ್ದರೂ 'ಜನ ಸಾಲದು' ಅನ್ನುವುದು ಎಂಥ ಲೆಕ್ಕ? ಕಾಕಾ ಹೆಂಡತಿ ಕಾಕೂಗೂ ಹೇಳಿದ್ದೇನೆ. ಆಕೆ ನಗುತ್ತಾರೆ. "ಆ ಹತ್ತು ಜನರನ್ನ ಮನೆಯಿಂದ ಹೊರಡಿಸೋದು ಯಾರು ಅಂತ ತಿಳಿದಿದ್ದೀಯ?"

ನಿಜ ಹೇಳಬೇಕೆಂದರೆ ಹಬ್ಬ ನನಗೆ ಗೊತ್ತಾಗಿದ್ದೇ ಕಾಕೂ ಅಡುಗೆಮನೆಯಿಂದ. ಅವರ ಹೊಸ ವರ್ಷ, ರೋಶ್ ಹಶಾನಾ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬರುತ್ತದೆ. ಆಗ 'ಚಿಕ್ ಹಲ್ವಾ' ಮಾಡುತ್ತಾರೆ. ಗೋಧಿ ನೆನೆಸಿ, ರುಬ್ಬಿ, ಹಾಲು ಹಿಂಡಿ, ಅದು ಕೆಳಗೆ ಕೂರುವವರೆಗೂ ಬಿಟ್ಟು, ಮೇಲಿನ ನೀರು ಬಸಿದು, ತೆಂಗಿನಹಾಲು, ಸಕ್ಕರೆ ಹಾಕಿ ಕಾಯಿಸುವುದು. ಮೊದಲ ಸಲ ನೋಡಿದಾಗ "ಇದು ನಮ್ಮ ಗೋಧಿ ಹಾಲುಬಾಯಿ!" ಅಂತ ಕೂಗಿಬಿಟ್ಟೆ. ಬಣ್ಣ ಮಾತ್ರ ಬೇರೆ. ಗುಲಾಬಿ ಬಣ್ಣ ಹಾಕುತ್ತಾರೆ. ಹಸುವಿನ ಹಾಲು ಯಾಕಿಲ್ಲ ಅಂದರೆ, ಮಾಂಸದ ಊಟದ ಜೊತೆ ಹಾಲು, ತುಪ್ಪ ಸೇರಿಸುವ ಹಾಗಿಲ್ಲ. ಕೊಂಕಣದಲ್ಲಿ ತೆಂಗಿಗೇನು ಬರ? ಆ ನಿಯಮ ಇಲ್ಲಿ ಸುಲಭವಾಗಿ ಹೊಂದಿಕೊಂಡಿತು. ಒಂದು ಸಲ ತಿರುವುವ ಕೆಲಸ ನನಗೆ ವಹಿಸಿ ಕಾಕೂ ಹತ್ತು ನಿಮಿಷ ಹೊರಗೆ ಹೋದರು. ಮೊಬೈಲ್ ನೋಡುತ್ತಾ ತಳ ಹಿಡಿಸಿದೆ. ಹೊಸ ವರ್ಷದ ತಟ್ಟೆಯಲ್ಲಿ ಸೀದ ವಾಸನೆ! ಆಮೇಲಿಂದ ನನಗೆ ಕಾಯಿ ತುರಿಯುವ ಕೆಲಸ ಮಾತ್ರ.

ಹಬ್ಬಗಳಿಗೆ ಅವರ ಹಿರಿಯರು ಇಟ್ಟ ಮರಾಠಿ ಹೆಸರುಗಳಿವೆ. ಈಗ ಹೀಬ್ರೂ ಹೆಸರನ್ನೇ ಹೇಳುತ್ತಾರೆ, ಕಾಕೂಗೆ ಮಾತ್ರ ಅಜ್ಜಿ ಹೇಳುತ್ತಿದ್ದ ಹೆಸರುಗಳು ನೆನಪಿವೆ. ಹೊಸ ವರ್ಷಕ್ಕೆ 'ನವ್ಯಾಚಾ ಸಣ'. ಪುರಿಮ್ ಹಬ್ಬ ಹೋಳಿಯ ಹೊತ್ತಿಗೇ ಬರುವುದರಿಂದ ಅದು 'ಹೋಳೀಚಾ ಸಣ', ಅವತ್ತು ಹೋಳಿಗೆ. ಜೆರುಸಲೇಮಿನ ದೇವಾಲಯ ನಾಶವಾದ ಶೋಕದ ದಿನಕ್ಕೆ 'ಬಿರಡ್ಯಾಚಾ ಸಣ'. ಬಿರಡೆ ಅಂದರೆ ಮೊಳಕೆ ಬರಿಸಿ ಸಿಪ್ಪೆ ಸುಲಿದ ಅವರೆಯಂಥ ಕಾಳಿನ ಸಾರು. ನಮ್ಮ ಹಿತಕಿದ ಬೇಳೆ ನೆನಪಿಸಿಕೊಳ್ಳಿ. ಎಲ್ಲೋ ಎರಡು ಸಾವಿರ ವರ್ಷದ ಹಿಂದೆ ಉರಿದ ದೇವಾಲಯದ ದುಃಖವನ್ನು ಕಾಳಿನ ಸಾರಿನ ಹೆಸರಲ್ಲಿ ನೆನಪಿಟ್ಟುಕೊಂಡವರು ಇವರು.

ಈ ಹೆಸರುಗಳಲ್ಲಿ ಒಂದನ್ನು ನಾನು ಎಡವಿ ಕಲಿತೆ. 2024ರ ಅಕ್ಟೋಬರ್ 12, ವಿಜಯದಶಮಿ. ಸಂಜೆ ಮುಂಚೆ ಬನ್ನಿ ಕೊಡೋಣ ಅಂತ ಎಲೆ, ಒಂದು ಡಬ್ಬಿ ಹೋಳಿಗೆ ಹಿಡಿದು ಕೆಳಗಿಳಿದೆ. ಇಲ್ಲಿ ಆಪ್ಟಾ ಎಲೆ ಕೊಟ್ಟು 'ಸೋನ' ಅನ್ನುತ್ತಾರೆ, ನಾನು ನಮ್ಮ ರೀತಿ 'ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ' ಅನ್ನುತ್ತೇನೆ. ಬೆಲ್ ಒತ್ತಿದೆ. ಇಲ್ಲ. ಮತ್ತೆ ಒತ್ತಿದೆ. ಫೋನ್ ಮಾಡಿದರೆ ಸ್ವಿಚ್ ಆಫ್. ವಯಸ್ಸಾದವರು, ಏನಾಯ್ತೋ ಅಂತ ಗಾಬರಿಯಾಗಿ ವಾಚ್‌ಮನ್ ಕರೆದೆ. ಅವನು, "ತಾಯಿ, ಬೆಳಿಗ್ಗೆಯೇ ಬಿಳಿ ಬಟ್ಟೆ ಹಾಕ್ಕೊಂಡು ಹೋದ್ರಲ್ಲ" ಅಂದ. ನಾನು ಇನ್ನೂ ಹೆದರಿದೆ. ಯಾರು ತೀರಿಕೊಂಡರಪ್ಪ!

ಯಾರೂ ತೀರಿಕೊಂಡಿರಲಿಲ್ಲ. ಅವತ್ತು ಯೋಮ್ ಕಿಪ್ಪೂರ್. ಹಿಂದಿನ ಸಂಜೆಯಿಂದ ನೀರೂ ಕುಡಿಯದೆ ಉಪವಾಸ. ದಿನವಿಡೀ ಸಿನಗಾಗ್‌ನಲ್ಲಿ ಕೂತು ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುವುದು. ಟೆಂಭಿ ನಾಕಾದ ನವರಾತ್ರಿ ದೇವಿ ಎಷ್ಟು ಪ್ರಸಿದ್ಧ ಅಂತ ಠಾಣೆಯವರಿಗೆ ಗೊತ್ತು. ಹೊರಗೆ ದಸರೆಯ ಗದ್ದಲ, ಅಲ್ಲೇ ಹತ್ತಿರ ಒಳಗೆ ಇವರು ಹಸಿದು ಕೂತು ಪ್ರಾರ್ಥನೆ. ಈ ದಿನದ ಹಳೆಯ ಹೆಸರು 'ದಾರ ಫಾಳಣೀಚಾ ಸಣ', ಬಾಗಿಲು ಹಾಕುವ ಹಬ್ಬ. ಹಿಂದಿನ ಕಾಲದಲ್ಲಿ ಬೆಳಗಿನಿಂದ ಬಾಗಿಲು ಹಾಕಿಕೊಂಡು ಮನೆಯೊಳಗೇ ಇರುತ್ತಿದ್ದರಂತೆ, ಯಾರ ಜೊತೆಯೂ ಮಾತಿಲ್ಲ. ಮರುದಿನಕ್ಕೆ 'ಶಿಳಾ ಸಣ', ಅಂದರೆ ತಂಗಳು ಹಬ್ಬ. ಬಡವರಿಗೆ ಕೊಟ್ಟು, ಬಂಧುಬಳಗದವರನ್ನು ಮಾತಾಡಿಸಿ ಬರುವ ದಿನ. ಆ ಭಾನುವಾರ ಬೆಳಿಗ್ಗೆ ಕಾಕಾ, ಕಾಕೂ ಇಬ್ಬರೂ ಮೇಲೆ ಬಂದರು. "ಹೋಳಿಗೆ ಉಳಿದಿದೆಯಾ? ತಂಗಳೇ ಇವತ್ತಿನ ಹಬ್ಬ" ಅಂತ ಕೂತು ತಿಂದರು.

ಎರಡೂ ಒಂದೇ ದಿನ ಬಂದಿದ್ದು ಅಪರೂಪವೇನಲ್ಲ. ಅವರದೂ ಚಂದ್ರನ ಪಂಚಾಂಗ. ನಮ್ಮ ಅಧಿಕ ಮಾಸದ ಹಾಗೆ ಅವರೂ 19 ವರ್ಷಕ್ಕೆ ಏಳು ಸಲ ಒಂದು ತಿಂಗಳು ಸೇರಿಸುತ್ತಾರೆ. ಹೊಸ ವರ್ಷ ಶುರುವಾಗುವುದು ಅಮಾವಾಸ್ಯೆಯ ಆಸುಪಾಸು, ಬಾಗಿಲು ಹಾಕುವ ಹಬ್ಬ ಅದರ ಹತ್ತನೇ ದಿನ.

ಸಿನಗಾಗ್ ಹಬ್ಬ ಬಿಟ್ಟರೆ ಮನೆಯಲ್ಲಿ ಮಾಡುವುದು ಮಲಿದಾ. ಮಗಳಿಗೆ ಕೆಲಸ ಸಿಕ್ಕಿತು, ಹೊಸ ಮನೆ ಆಯ್ತು, ಕಾಯಿಲೆ ವಾಸಿಯಾಯ್ತು, ಮದುವೆ ಇದೆ, ಎಲ್ಲಕ್ಕೂ ಮಲಿದಾ. ನಮ್ಮ ಸತ್ಯನಾರಾಯಣ ಪೂಜೆ ಇಟ್ಟುಕೊಳ್ಳುವ ಎಲ್ಲ ಕಾರಣಗಳೂ ಇದಕ್ಕೂ ನಡೆಯುತ್ತವೆ. ದೊಡ್ಡ ತಟ್ಟೆಯಲ್ಲಿ ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ ಕಲಸಿ ಗುಡ್ಡೆ ಮಾಡುತ್ತಾರೆ. ಸುತ್ತ ಖರ್ಜೂರ, ಸೇಬು, ಬಾಳೆಹಣ್ಣು. ಮೇಲೆ ಗುಲಾಬಿ ದಳ. ಎಲ್ಲರೂ ಸುತ್ತ ಕೂತು ಪ್ರವಾದಿ ಎಲಿಯಾಹುವನ್ನು ನೆನೆದು ಹಾಡುತ್ತಾರೆ. ಎಲಿಯಾಹು ರಥ ಏರಿ ಹೋಗುವ ಪಟ ಇವರ ಮನೆ ಗೋಡೆಯಲ್ಲೂ ಇದೆ. ಆಮೇಲೆ ಹಣ್ಣುಗಳಿಗೆ ಆಶೀರ್ವಾದದ ಮಂತ್ರ. ಮರದಲ್ಲಿ ಬಿಡುವ ಹಣ್ಣಿಗೆ ಒಂದು, ನೆಲದಿಂದ ಬರುವುದಕ್ಕೆ ಇನ್ನೊಂದು. ಸೇಬು ಮರದ್ದು. ಬಾಳೆಹಣ್ಣು? ನೆಲದ್ದು! ಬಾಳೆ ಗಿಡವೇ ಹೊರತು ಮರವಲ್ಲ ಅಂತ ನಮ್ಮ ಅಪ್ಪ ತೋಟದಲ್ಲಿ ಎಷ್ಟು ಸಲ ಹೇಳಿದ್ದರೋ. ಅದನ್ನೇ ಹೀಬ್ರೂ ಮಂತ್ರದಲ್ಲಿ ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಸಾಗರದಲ್ಲಿ ಈ ಮಾತು ಬಂದಾಗ ಎರಡು ಸಂಗತಿ ತಪ್ಪದೆ ಹೇಳುತ್ತೇನೆ. ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದ್ದು 1796ರಲ್ಲಿ, ಸ್ಯಾಮುಯೆಲ್ ದಿವೇಕರ್ ಅನ್ನುವವರು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು ಮೈಸೂರಿನ ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿದ್ದರು. ಇವರು ಬೆನೆ ಇಸ್ರೇಲ್ ಅಂದಾಗ, ಕುರಾನಿನಲ್ಲಿ ಆ ಹೆಸರು ಕೇಳಿದ್ದ ಟಿಪ್ಪುವಿನ ತಾಯಿ ಪ್ರಾಣ ಉಳಿಸಿದರು ಅಂತ ಕಥೆ. ಬಿಡುಗಡೆಯಾಗಿ ಬಂದು ಹರಕೆ ತೀರಿಸಿದ ಹಾಗೆ ಸಿನಗಾಗ್ ಕಟ್ಟಿಸಿದರು. ಬೆನೆ ಇಸ್ರೇಲ್ ಜನ ಸಿನಗಾಗ್‌ಗೂ ಮಸೀದಿ ಅಂತಲೇ ಅನ್ನುತ್ತಿದ್ದರು. ಮುಂಬೈಯ ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದಿದ್ದೇ ಇದರಿಂದ ಅನ್ನುತ್ತಾರೆ. ಇನ್ನೊಂದು, ಡಾಕ್ಟರ್ ಜೆರುಶಾ ಝಿರಾಡ್. ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದವರು, 1966ರಲ್ಲಿ ಪದ್ಮಶ್ರೀ ಬಂತು. ಹುಟ್ಟಿದ್ದು 1890ರಲ್ಲಿ, ನಮ್ಮ ಶಿವಮೊಗ್ಗದಲ್ಲಿ! ಅದನ್ನು ಹೇಳಿದ ಮೇಲೆ ಚಿಕ್ಕಮ್ಮ "ಹಾಗಾದ್ರೆ ನಮ್ಮ ಕಡೆಯವರೇ" ಅಂತ ತೀರ್ಪು ಕೊಟ್ಟರು.

2024ರ ಆ ಅಕ್ಟೋಬರಿನಲ್ಲೇ ಕಾಕೂ ನನ್ನನ್ನು ಸುಕ್ಕೋತ್ ಹಬ್ಬದ ಚಪ್ಪರ ನೋಡಲು ಕರೆದುಕೊಂಡು ಹೋದರು. ಸಿನಗಾಗ್ ಗೇಟಿನಲ್ಲಿ ಪೊಲೀಸರು. 2008ರ ನವೆಂಬರಿನ ಮುಂಬೈ ದಾಳಿಯ ನಂತರ ಹೀಗೆ. ಹೆಸರು ಬರೆಸಿ ಒಳಗೆ ಹೋದರೆ ತೆಂಗಿನ ಗರಿಯ ಚಪ್ಪರ, ಕೆಳಗೆ ದಾರದಲ್ಲಿ ತೂಗಿಬಿಟ್ಟ ಹಣ್ಣುಗಳು. ಸುಗ್ಗಿಯ ಹಬ್ಬ, ಗುಡಿಸಲಲ್ಲಿ ಕೂತು ಉಣ್ಣಬೇಕು. ಅದು ಶುರುವಾಗುವುದು ಹುಣ್ಣಿಮೆಗೆ. ಮಲೆನಾಡಿನಲ್ಲಿ ಆಗ ಭೂಮಿ ಹುಣ್ಣಿಮೆ. ಬುಟ್ಟಿಗೆ ಚಿತ್ತಾರ ಬರೆದು, ಬೆಳಗಿನ ಜಾವ ಗದ್ದೆಗೆ ಹೋಗಿ, ಬಸುರಿ ಭೂಮಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು. ಅದನ್ನೆಲ್ಲ ಕಾಕೂಗೆ ಹೇಳಿದೆ.

ಆಕೆ ಪೂರ್ತಿ ಕೇಳಿಸಿಕೊಂಡು, "ಇಲ್ಲಿ ನೀವಿರೋದು ಇಬ್ಬರೇ. ಗದ್ದೆಯೂ ಇಲ್ಲ. ಆ ಹಬ್ಬ ಹೇಗೆ ಮಾಡ್ತೀಯ?" ಅಂದರು.

"ಊರಿಗೆ ಫೋನ್ ಮಾಡ್ತೀನಿ. ಆಮೇಲೆ ಬಾಲ್ಕನಿಯ ಕುಂಡದಲ್ಲಿ ಎರಡು ಚಮಚ ಚೆಲ್ತೀನಿ."

"ಕುಂಡದಲ್ಲಿ ಏನು ಬೆಳೆದಿದ್ದೀಯ?"

"ಕರಿಬೇವು" ಅಂದೆ.