ಫುಟ್‌ಬಾಲ್ ಕಾಲಿನ ಗಾರ್ಡ್

ಮಾಜಾಳಿ ದಾಟಿದರೆ ಗೋವಾ, ಗೋವಾ ಅಂದರೆ ಫುಟ್‌ಬಾಲ್. ಆ ಗಾಳಿ ಕಾರವಾರ, ಸದಾಶಿವಗಡದ ಮಕ್ಕಳಿಗೂ ತಾಗಿರುತ್ತದೆ. ಅಂಥ ಹುಡುಗ ಹೈಸ್ಕೂಲಿಗೆ ಬಂದಮೇಲೆ ಬಾಸ್ಕೆಟ್‌ಬಾಲ್ ಕಡೆ ತಿರುಗಿದರೆ, ‘ಎತ್ತರ ಸಾಲದು, ಶುರು ಮಾಡಿದ್ದೂ ತಡವಾಯಿತು’ ಎಂದು ಬೆಂಚಿನ ತುದಿಗೆ ಕೂರಿಸುತ್ತಾರೆ. ಕೂರಿಸುವ ಮೊದಲು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಗಾರ್ಡ್ ಆಗಿ, ಅಂದರೆ ಚೆಂಡು ನಡೆಸಿ ಆಟ ಕಟ್ಟುವವನಾಗಿ ಆಡಿದ ಸ್ಟೀವ್ ನ್ಯಾಶ್‌ನ ನಾಲ್ಕು ಪಂದ್ಯಗಳನ್ನಾದರೂ ನೋಡಬೇಕು. ನೋಡುವಾಗ ಕಣ್ಣು ಚೆಂಡಿನ ಮೇಲಲ್ಲ, ಅವನ ಪಾದದ ಮೇಲಿರಲಿ.

ನ್ಯಾಶ್ ಹುಟ್ಟಿದ್ದು 1974ರಲ್ಲಿ, ಜೋಹಾನ್ಸ್‌ಬರ್ಗ್‌ನಲ್ಲಿ. ಬೆಳೆದದ್ದು ಕೆನಡಾದ ವಿಕ್ಟೋರಿಯಾದಲ್ಲಿ. ಅದೂ ಸಮುದ್ರದಂಚಿನ ಊರೇ. ಅಪ್ಪ ವೃತ್ತಿಪರ ಫುಟ್‌ಬಾಲ್ ಆಟಗಾರರು, ತಮ್ಮ ಮಾರ್ಟಿನ್ ಕೆನಡಾ ರಾಷ್ಟ್ರೀಯ ತಂಡಕ್ಕೆ ಆಡಿದವನು. ನ್ಯಾಶ್ ಬಾಸ್ಕೆಟ್‌ಬಾಲ್ ಹಿಡಿದಾಗ 12-13 ವರ್ಷ. ಶಾಲೆಯ ಕೋಚ್ ಅಮೆರಿಕದ 30ಕ್ಕೂ ಹೆಚ್ಚು ಕಾಲೇಜುಗಳಿಗೆ ಬರೆದರೂ ಸ್ಕಾಲರ್‌ಶಿಪ್ ಕೊಡಲು ಮುಂದೆ ಬಂದದ್ದು ಸಾಂಟಾ ಕ್ಲಾರಾ ಒಂದೇ. 1996ರಲ್ಲಿ, ಎನ್‌ಬಿಎ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 15ನೆಯವನಾಗಿ ಫೀನಿಕ್ಸ್ ಸನ್ಸ್ ಸೇರಿ, 1998ರಲ್ಲಿ ಡಲ್ಲಾಸ್‌ಗೆ ಹೋದ. 2004ರಲ್ಲಿ ಅವನಿಗೆ 30 ತುಂಬಿತ್ತು. ಈ ಮೈ ಇನ್ನು ಬಹಳ ವರ್ಷ ತಾಳದು ಎಂಬ ಲೆಕ್ಕದಲ್ಲಿ ಡಲ್ಲಾಸ್ ಬಿಟ್ಟುಕೊಟ್ಟಿತು. ಮತ್ತೆ ಫೀನಿಕ್ಸ್ ಸೇರಿದ. ಹಿಂದಿನ ಸೀಸನ್‌ನಲ್ಲಿ 29 ಪಂದ್ಯ ಗೆದ್ದಿದ್ದ ತಂಡ ಆ ಸೀಸನ್‌ನಲ್ಲಿ 62 ಗೆದ್ದಿತು. 2005 ಮತ್ತು 2006ರಲ್ಲಿ ಅವನೇ ಎಂವಿಪಿ, ಅಂದರೆ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರ. ಎತ್ತರ 6 ಅಡಿ 3 ಅಂಗುಲ. ನಮ್ಮಲ್ಲಿ ಅದು ಒಳ್ಳೆಯ ಎತ್ತರ, ಎನ್‌ಬಿಎಯಲ್ಲಿ ಸಣ್ಣಾಳು. ಮೇಲಕ್ಕೆ ಹಾರುವ ಶಕ್ತಿಯೂ ಹೇಳಿಕೊಳ್ಳುವಷ್ಟಿರಲಿಲ್ಲ.

ಹಾಗಾದರೆ ಗೆಲ್ಲಿಸಿದ್ದು ಏನು? ಮೊದಲನೆಯದು ಪಿಕ್ ಅಂಡ್ ರೋಲ್: ಜೊತೆಗಾರನೊಬ್ಬ ಗಾರ್ಡ್‌ನ ಡಿಫೆಂಡರ್‌ಗೆ ಅಡ್ಡ ನಿಂತು (ಇದೇ ಸ್ಕ್ರೀನ್) ದಾರಿ ಮಾಡಿಕೊಟ್ಟು, ಆಮೇಲೆ ತಾನು ರಿಂಗಿನತ್ತ ಹೊರಳುವ ಆಟ. ಇದನ್ನು ನಮ್ಮ ಶಾಲಾ ತಂಡಗಳೂ ಆಡುತ್ತವೆ, ಆದರೆ ಅರ್ಧಕ್ಕೇ ಕೆಡಿಸುತ್ತವೆ. ಸ್ಕ್ರೀನ್ ಹಾಕುವವನು ಬಂದು ಎರಡೂ ಪಾದ ಊರಿ ನಿಲ್ಲುವವರೆಗೆ ಗಾರ್ಡ್ ಕದಲಬಾರದು. ಅವಸರ ಮಾಡಿದರೆ ಸ್ಕ್ರೀನ್ ಹಾಕುವವನೂ ಜೊತೆಗೆ ಸರಿಯುತ್ತಾನೆ, ರೆಫರಿ ಸೀಟಿ ಊದುತ್ತಾನೆ. ನಿಂತಮೇಲೆ ಹೊರಡುವಾಗ ಗಾರ್ಡ್‌ನ ಭುಜ ಸ್ಕ್ರೀನ್ ಹಾಕಿದವನ ಸೊಂಟಕ್ಕೆ ಉಜ್ಜಿಕೊಂಡೇ ಹೋಗಬೇಕು. ನಡುವೆ ಒಂದು ಗೇಣು ಜಾಗ ಬಿಟ್ಟರೂ ಡಿಫೆಂಡರ್ ಅಲ್ಲೇ ನುಸುಳಿ ಬರುತ್ತಾನೆ, ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ.

ದಾಟಿದ ಮೇಲೆ ಬಹುತೇಕ ಹುಡುಗರು ನೇರ ರಿಂಗಿನ ಕಡೆ ಓಡುತ್ತಾರೆ. ನ್ಯಾಶ್ ಓಡುತ್ತಿರಲಿಲ್ಲ, ವೇಗ ತಗ್ಗಿಸುತ್ತಿದ್ದ. ಹಿಂದೆ ಬಿದ್ದ ಡಿಫೆಂಡರ್‌ನನ್ನು ಮುಂದೆ ಬರಗೊಡದೆ ಬೆನ್ನ ಮೇಲೇ ಹೊತ್ತುಕೊಂಡವನಂತೆ ಇಟ್ಟುಕೊಳ್ಳುತ್ತಿದ್ದ. ಈಗ ಹಿಂದಿನವನು ಲೆಕ್ಕಕ್ಕಿಲ್ಲ. ಎದುರಿಗೆ ಉಳಿದದ್ದು ಒಬ್ಬನೇ, ಸ್ಕ್ರೀನ್ ಹಾಕಿದವನನ್ನು ಕಾಯುತ್ತಿದ್ದ ದೊಡ್ಡಾಳು. ಅವನು ಗಾರ್ಡ್ ಕಡೆ ಒಂದು ಹೆಜ್ಜೆ ಇಟ್ಟರೆ, ರಿಂಗಿಗೆ ನುಗ್ಗುತ್ತಿರುವ ಜೊತೆಗಾರನಿಗೆ ಬೌನ್ಸ್ ಪಾಸ್. ಹಿಂದೆ ಸರಿದರೆ, ನಿಂತಲ್ಲೇ ಶಾಟ್. ಮೂಲೆಯಿಂದ ಮೂರನೆಯವನು ಸಹಾಯಕ್ಕೆ ಬಂದರೆ, ಅವನು ಬಿಟ್ಟುಬಂದ ಮೂಲೆಗೆ ಪಾಸ್. ಫೀನಿಕ್ಸ್‌ನಲ್ಲಿ ಅಮರೆ ಸ್ಟೌಡ್‌ಮೈರ್ ಜೊತೆ ಇದನ್ನೇ ವರ್ಷಗಟ್ಟಲೆ ಆಡಿದರು. ಎಲ್ಲ ತಂಡಗಳಿಗೂ ಗೊತ್ತಿತ್ತು, ತಡೆಯುವುದೇ ಕಷ್ಟವಾಗಿತ್ತು.

ಆ ಬೌನ್ಸ್ ಪಾಸ್ ಒಂದೇ ಕೈಯಲ್ಲಿ, ಡ್ರಿಬಲ್‌ನಿಂದಲೇ, ಅಂದರೆ ಚೆಂಡು ಪುಟಿಸುತ್ತಿರುವಾಗಲೇ ಹೋಗಬೇಕು. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ತಂದ ಕ್ಷಣವೇ ದೊಡ್ಡಾಳು ಕೈ ಚಾಚಿಬಿಡುತ್ತಾನೆ. ಇಬ್ಬರ ನಡುವಿನ ದೂರದ ಮೂರನೇ ಎರಡು ಭಾಗದಲ್ಲಿ ಚೆಂಡು ನೆಲಕ್ಕೆ ಬೀಳಬೇಕು. ಅದಕ್ಕಿಂತ ಹತ್ತಿರ ಬಿದ್ದರೆ ಡಿಫೆಂಡರ್‌ನ ಕೈಯೆತ್ತರಕ್ಕೆ ಪುಟಿಯುತ್ತದೆ, ತೀರಾ ದೂರ ಬಿದ್ದರೆ ಜೊತೆಗಾರನ ಮೊಣಕಾಲಿಗೆ ಬಡಿಯುತ್ತದೆ.

ಎರಡನೆಯದನ್ನು ಜಗತ್ತೇ ‘ನ್ಯಾಶ್ ಡ್ರಿಬಲ್’ ಎಂದು ಕರೆಯುತ್ತದೆ. ಒಳಗೆ ನುಗ್ಗಿದ ಗಾರ್ಡ್‌ಗೆ ದಾರಿ ಸಿಗದಿದ್ದರೆ ಸಾಮಾನ್ಯವಾಗಿ ಚೆಂಡು ಹಿಡಿದು ನಿಂತುಬಿಡುತ್ತಾನೆ. ಅಲ್ಲಿಗೆ ಆಟ ಸತ್ತಂತೆ. ನ್ಯಾಶ್ ಡ್ರಿಬಲ್ ಬಿಡದೆ ರಿಂಗಿನ ಕೆಳಗಿಂದಲೇ ಹಾದು, ರಿಂಗಿನ ಹಿಂದಿನ ಗೆರೆಯಾದ ಬೇಸ್‌ಲೈನ್ ಗುಂಟ ಇನ್ನೊಂದು ಬದಿಯಿಂದ ಹೊರಗೆ ಬರುತ್ತಿದ್ದ. ಫುಟ್‌ಬಾಲ್ ಆಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ: ಜಾಗ ಸಿಗುವವರೆಗೆ ಚೆಂಡು ಕಾಲಲ್ಲೇ ಇರಲಿ ಎನ್ನುವ ಬುದ್ಧಿ ಅದು. ಅವನು ಕೆಳಗಿಂದ ಹಾಯುವಾಗ ಐದೂ ಡಿಫೆಂಡರ್‌ಗಳ ತಲೆ ಅವನ ಜೊತೆ ತಿರುಗುತ್ತದೆ. ಆ ಒಂದು ಸೆಕೆಂಡಿನಲ್ಲಿ ತಮ್ಮ ತಮ್ಮ ಆಟಗಾರ ಎಲ್ಲಿದ್ದಾನೆಂಬುದೇ ಅವರಿಗೆ ತಪ್ಪಿಹೋಗುತ್ತದೆ. ಕಲಿಯುವವರು ಒಳಗೆ ನಿಧಾನಿಸಬೇಡಿ, ರಿಂಗಿನ ಮುಂದಿನ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂಬ ನಿಯಮವಿದೆ. ಬೋರ್ಡ್ ಕಡೆಯಿರುವ ಕೈಯಲ್ಲಿ ಡ್ರಿಬಲ್ ಬೇಡ. ಗೆರೆಯ ಕಡೆಯ ಕೈಯಲ್ಲಿದ್ದರೆ ಮೈ ಅಡ್ಡವಿರುತ್ತದೆ, ಚೆಂಡು ಕಸಿಯಲಾಗದು. ಆದರೆ ಗೆರೆ ತುಳಿಯದ ಹಾಗೆ ಒಂದು ಪಾದದಷ್ಟು ಒಳಗೇ ಇರಬೇಕು.

ಬೆರಳಿನ ಹಿಡಿತಕ್ಕೆ ಒಂದು ಉಪಾಯ ಅವನ ಕಾಲೇಜಿನ ದಿನಗಳದ್ದು. ಕ್ಲಾಸಿಗೆ ನಡೆದು ಹೋಗುವಾಗಲೂ ಟೆನಿಸ್ ಚೆಂಡನ್ನು ಡ್ರಿಬಲ್ ಮಾಡುತ್ತಿದ್ದ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದು ಮಳೆಗಾಲದ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಆಷಾಢದಲ್ಲಿ ಅಂಗಳ ಹಾವಸೆ ಕಟ್ಟಿ ಜಾರುತ್ತದೆ, ಕೋರ್ಟ್ ಅಂತೂ ಕೇಳುವುದೇ ಬೇಡ. ಜಗುಲಿಯ ಗಾರೆ ನೆಲ ಸಾಕು. ಎಡಗೈಯಲ್ಲಿ ಮೂರು ನಿಮಿಷ, ಬಲಗೈಯಲ್ಲಿ ಎರಡು, ಚೆಂಡು ಮೊಣಕಾಲಿಗಿಂತ ಮೇಲೇಳಬಾರದು, ಕಣ್ಣು ಎದುರು ಗೋಡೆಯ ಕ್ಯಾಲೆಂಡರ್ ಮೇಲೆ. ಅಂಗೈ ತಾಗಿದರೆ ಚೆಂಡು ಓಡಿಹೋಗುತ್ತದೆ, ಬೆರಳ ತುದಿಯಲ್ಲಿದ್ದರೆ ನಿಲ್ಲುತ್ತದೆ. ಒಂದು ತಿಂಗಳು ಹೀಗೆ ಮಾಡಿ 7ನೇ ಸೈಜಿನ ಚೆಂಡು ಹಿಡಿದರೆ ಕೊಡಪಾನ ಹಿಡಿದ ಹಾಗೆ ದೊಡ್ಡದಾಗಿ ಕಾಣುತ್ತದೆ.

ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಶಾಟ್ ವಿಷಯದಲ್ಲಿ ಅವನಷ್ಟು ಶ್ರದ್ಧೆಯವರು ಕಡಿಮೆ. ಇಡೀ ವೃತ್ತಿಜೀವನದ ಸರಾಸರಿ ಶೇ 90.4. ಒಂದೇ ಸೀಸನ್‌ನಲ್ಲಿ ಒಟ್ಟು ಶಾಟ್ ಶೇ 50, ಮೂರು ಪಾಯಿಂಟಿನದು ಶೇ 40, ಫ್ರೀ ಥ್ರೋ ಶೇ 90 ಮುಟ್ಟಿದ್ದು ನಾಲ್ಕು ಸಲ. 2006-07ರಲ್ಲಿ ಫ್ರೀ ಥ್ರೋ ಶೇ 89.9ಕ್ಕೆ ನಿಂತಿತು, ಇನ್ನೊಂದೇ ಒಂದು ಬಿದ್ದಿದ್ದರೆ ಐದು ಸಲವಾಗುತ್ತಿತ್ತು. ರೆಫರಿ ಚೆಂಡು ಕೊಡುವ ಮೊದಲೇ ಗೆರೆಯ ಮೇಲೆ ನಿಂತು ಬರಿಗೈಯಲ್ಲಿ ಎಸೆದು ನೋಡುತ್ತಿದ್ದ. ಮೊಣಕೈ ರಿಂಗಿನ ನೇರಕ್ಕಿದೆಯೇ, ಮಣಿಕಟ್ಟು ಪೂರ್ತಿ ಬಾಗಿತೇ ಎಂದು ಮೈಗೆ ನೆನಪಿಸುವ ಕ್ರಮವಿದು. ಅಭ್ಯಾಸದಲ್ಲಿ ನಿಂತಲ್ಲೇ 50 ಎಸೆಯುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಪಂದ್ಯದಲ್ಲಿ ಸಿಗುವುದು ಎರಡೆರಡೇ, ಅದೂ ಏದುಸಿರು ಬಿಡುವಾಗ. ಆದ್ದರಿಂದ ಎರಡು ಎಸೆದು, ಕೋರ್ಟಿನ ಆ ತುದಿಗೆ ಓಡಿ ಬಂದು, ಮತ್ತೆ ಎರಡು. ಹೀಗೆ ಹತ್ತು ಸುತ್ತು.

ಎಸೆಯುವ ಮೊದಲು ರಿಂಗನ್ನೇ ನಂಬಬಹುದೇ ನೋಡಿ. ನಮ್ಮ ಉಪ್ಪುಗಾಳಿಗೆ ಬೋಲ್ಟು ತುಕ್ಕು ಹಿಡಿದು ರಿಂಗಿನ ಮೂತಿ ಕೆಳಗೆ ಬಾಗುತ್ತದೆ. ನೆಲದಿಂದ 3.05 ಮೀಟರ್ ಇರಬೇಕು. ಟೇಪ್ ಹಿಡಿದು ಮುಂದೆ, ಎಡ, ಬಲ ಮೂರೂ ಕಡೆ ಅಳೆಯಿರಿ. ಬಾಗಿದ ರಿಂಗಿಗೆ ಒಗ್ಗಿಕೊಂಡ ಹುಡುಗನ ಶಾಟ್ ಚಪ್ಪಟೆಯಾಗುತ್ತದೆ, ಬೇರೆ ಊರಿನ ಸರಿಯಾದ ರಿಂಗಿನಲ್ಲಿ ಮುಂಭಾಗಕ್ಕೆ ಬಡಿದು ವಾಪಸ್ ಬರುತ್ತದೆ. ಮಳೆಗಾಲ ಮುಗಿದೊಡನೆ ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದು, ಬೋಲ್ಟುಗಳನ್ನು ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಿಸುವುದು ಒಳ್ಳೆಯದು. ನೆಟ್ ಹರಿದಿದ್ದರೆ ಕಾರವಾರದ ಬೈತಖೋಲದಲ್ಲಿ ಬಲೆ ಹೆಣೆಯುವವರನ್ನು ಕೇಳಿ ನೋಡಿ. ರಿಂಗಿಗೆ 12 ಕೊಕ್ಕೆ, ನೆಟ್‌ನ ಉದ್ದ 40ರಿಂದ 45 ಸೆಂಟಿಮೀಟರ್ ಎಂದರೆ ಸಾಕು. ನೆಟ್ ಇಲ್ಲದೆ ಎಸೆಯುವ ಮಗುವಿಗೆ ಚೆಂಡು ನಡುವೆ ಬಿತ್ತೋ ಅಂಚಿಗೆ ಸವರಿತೋ ತಿಳಿಯುವುದೇ ಇಲ್ಲ.

ಕೊನೆಗೆ ಬೆನ್ನು. ಬೆನ್ನುಮೂಳೆಯ ಒಂದು ಮಣಿ ಇನ್ನೊಂದರ ಮೇಲಿಂದ ಮುಂದಕ್ಕೆ ಸರಿಯುವ ತೊಂದರೆ ನ್ಯಾಶ್‌ಗಿತ್ತು. ಆಟದ ನಡುವೆ ಹೊರಬಂದಾಗ ಬೆಂಚಿನ ಮೇಲೆ ಕೂರದೆ ಗೆರೆಯಾಚೆ ನೆಲದ ಮೇಲೆ ಉದ್ದಕ್ಕೆ ಮಲಗುತ್ತಿದ್ದ. ಕೂತರೆ ಸೊಂಟ ಬಿಗಿಯುತ್ತದೆ, ಮತ್ತೆ ಎದ್ದು ಓಡುವುದು ಕಷ್ಟ. ಸಿಮೆಂಟಿನ ಮೇಲೆ ಆಡುವ ನಮ್ಮ ಮಕ್ಕಳ ಸೊಂಟಕ್ಕೂ ಪೆಟ್ಟು ಕಡಿಮೆಯೇನಲ್ಲ. ಬೆನ್ನು ಕೆಳಗೆ ತೂಗದ ಹಾಗೆ ಪ್ಲ್ಯಾಂಕ್ 30 ಸೆಕೆಂಡಿನಂತೆ ಮೂರು ಸಲ, ಪೃಷ್ಠ ಮೇಲೆತ್ತಿ ಹಿಡಿಯುವುದು ಹತ್ತು ಸಲ, ದಿನವೂ ಮಾಡಬೇಕು. ನೋವು ಕಾಲಿಗಿಳಿದರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು, ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಕೋರ್ಟಿಗಿಳಿಯಬಾರದು. 30ಕ್ಕೇ ಮುಗಿಯಿತು ಎಂದುಕೊಂಡ ಆ ಬೆನ್ನನ್ನು ಹೀಗೆ ಸಾಕಿಕೊಂಡೇ ನ್ಯಾಶ್ 37 ತುಂಬಿದ 2010-11ರ ಸೀಸನ್‌ನಲ್ಲೂ ಇಡೀ ಎನ್‌ಬಿಎಯಲ್ಲಿ ಅಸಿಸ್ಟ್‌ಗಳಲ್ಲಿ, ಅಂದರೆ ಜೊತೆಗಾರರಿಗೆ ಬುಟ್ಟಿ ತಂದುಕೊಟ್ಟ ಪಾಸ್‌ಗಳಲ್ಲಿ, ಮೊದಲಿಗನಾಗಿದ್ದ.