ಮಂಟಪ ಮುಳುಗಿದ ದಿನದ ಮೀಟಿಂಗು

ಶಿವಮೊಗ್ಗದವರು ಮಳೆಯನ್ನು ಅಳೆಯುವುದು ಕೋರ್ಪಲಯ್ಯನ ಛತ್ರದ ಬಳಿ ತುಂಗೆಯಲ್ಲಿರುವ ಕಲ್ಲಿನ ಮಂಟಪದಿಂದ. ಅದು ಮುಳುಗಿತೆಂದರೆ ಹೊಳೆ ತುಂಬಿತೆಂದೇ ಲೆಕ್ಕ. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳಲ್ಲಿ ಆ ಸುದ್ದಿ ಬಂದ ಮಧ್ಯಾಹ್ನವೇ ನಮ್ಮ ಕಚೇರಿಯ ಹೊಸ ಮ್ಯಾನೇಜರು ನಮ್ಮೆಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ನಾವೆಲ್ಲರೂ ಒಂದೇ ಕುಟುಂಬದವರೆಂದು ಒಂದೂವರೆ ಗಂಟೆ ಮಾತನಾಡಿದರು. ಹೊಳೆಯಂಚಿನ ತಗ್ಗಿನಲ್ಲಿ ಮನೆಯಿದ್ದ ಮಹಿಳಾ ಸಹೋದ್ಯೋಗಿಯೊಬ್ಬರು ಹೊರಡಲು ಅನುಮತಿ ಕೇಳಿದಾಗ, "ಇದೊಂದು ವಿಷಯ ಮುಗಿಸಿಬಿಡೋಣ" ಎಂದರು. ಕರೆಂಟು ಹೋದ ಮೇಲೂ ಮಾತು ಮುಂದುವರಿಯಿತು. ಆ ಮಬ್ಬಿನಲ್ಲಿ ಆಕೆ ನನ್ನತ್ತ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ.

ಅದೇ ರಾತ್ರಿ ಮಗಳು 'ದಿ ಆಫೀಸ್' ಧಾರಾವಾಹಿಯನ್ನು ತೋರಿಸಿದಳು. ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚಂಟ್ 2001ರಲ್ಲಿ ಬಿಬಿಸಿಗೆ ರೂಪಿಸಿದ ಹಾಸ್ಯವನ್ನು ಅಮೆರಿಕದವರು 2005ರಿಂದ 2013ರವರೆಗೆ ಒಂಬತ್ತು ಸೀಸನ್‌ಗಳಿಗೆ ಬೆಳೆಸಿದ ಆವೃತ್ತಿ ಅದು. ಕಂಪ್ಯೂಟರಿನ ಕಾಲದಲ್ಲಿ ಕಾಗದ ಮಾರುವ ಕಂಪನಿ, ಸ್ಕ್ರ್ಯಾಂಟನ್ ಎಂಬ ಊರಿನಲ್ಲಿರುವ ಅದರ ಶಾಖೆ, ಅಲ್ಲಿನ ದಿನಚರಿಯನ್ನು ಸಾಕ್ಷ್ಯಚಿತ್ರದ ತಂಡವೊಂದು ಚಿತ್ರೀಕರಿಸುತ್ತಿದೆ ಎಂಬ ಕಲ್ಪನೆ. ಎಲ್ಲಿ ನಗಬೇಕೆಂದು ಹೇಳಿಕೊಡುವ ಹಿನ್ನೆಲೆಯ ನಗು ಇಲ್ಲವೇ ಇಲ್ಲ. ಮೇಲಧಿಕಾರಿ ಮೈಕೆಲ್ ಅಸಂಬದ್ಧವಾಗಿ ಏನಾದರೂ ಅಂದಾಗ ಜಿಮ್ ಎಂಬ ನೌಕರ ತುಟಿ ಬಿಚ್ಚದೆ ಕ್ಯಾಮೆರಾದತ್ತ ನೋಡುತ್ತಾನೆ, ಅಷ್ಟೆ.

ಆ ನೋಟವನ್ನು ನಾನು ಮಧ್ಯಾಹ್ನವಷ್ಟೇ ಕಂಡಿದ್ದೆ. ಸಂಬಳದ ಹಂಗಿನಲ್ಲಿ ಬಾಯಿ ಕಟ್ಟಿಕೊಂಡು ಕೂತವರಿಗೆ, ತಮಗೆ ಅನಿಸಿದ್ದು ಇನ್ನೊಬ್ಬರಿಗೂ ಅನಿಸಿತೆಂಬ ಖಾತ್ರಿ ಬೇಕಿರುತ್ತದೆ. ಜಿಮ್‌ಗೆ ಅದನ್ನು ಕ್ಯಾಮೆರಾ ಕೊಡುತ್ತದೆ, ಆಕೆಗೆ ನಾನು ಕೊಡಲಿಲ್ಲ. ಪಂಕಜ್ ಕಪೂರ್ ನಟಿಸಿದ ಹಿಂದಿಯ 'ಆಫೀಸ್ ಆಫೀಸ್' ಕೂಡ ನನಗೆ ಇಷ್ಟವೇ. ಆದರೆ ಅಲ್ಲಿ ಮುಸದ್ದಿಲಾಲ್ ಕೌಂಟರಿನ ಹೊರಗೆ ನಿಂತು ಲಂಚಕೋರರಿಂದ ಪಾಡು ಪಡುತ್ತಾನೆ. ಇಲ್ಲಿ ಕೌಂಟರಿನ ಒಳಗೇ ಕೂತವರ ಸಂಕಟವಿದೆ.

ಮುಂದಿನ ವಾರಗಳಲ್ಲಿ ನೋಡುತ್ತಾ ಹೋದಂತೆ ಮೂರನೆಯ ಸೀಸನ್‌ನ ಒಂದು ಸಂಜೆ ಬಂತು. ಆ ಶಾಖೆಯ ರಿಸೆಪ್ಷನಿಸ್ಟ್ ಪ್ಯಾಮ್ ಬಿಡಿಸಿದ ಚಿತ್ರಗಳ ಪ್ರದರ್ಶನದಲ್ಲಿ ಆಕೆಗೆ ಆದದ್ದು ನಿರಾಸೆಯೇ. ಕೊನೆಗೆ ಬಂದ ಮೈಕೆಲ್, ಅವರ ಕಚೇರಿಯ ಕಟ್ಟಡದ ಚಿತ್ರವನ್ನು ಮನಸಾರೆ ಮೆಚ್ಚಿ ಖರೀದಿಸುತ್ತಾನೆ. ನನ್ನ ಕಣ್ಣು ತುಂಬಿತು, ಏಕೆಂದರೆ ಮೀಟಿಂಗಿನ ಮರುದಿನ ಸಹೋದ್ಯೋಗಿ ಹೇಳಿದ್ದು ನೆನಪಾಯಿತು: ರಾತ್ರಿ ಒಂಬತ್ತರ ಮಳೆಯಲ್ಲಿ ಮ್ಯಾನೇಜರು ಅವರ ಮನೆಗೆ ಬಂದು, ನೀರು ಮೆಟ್ಟಿಲ ಕೆಳಗೇ ನಿಂತಿರುವುದನ್ನು ಟಾರ್ಚಿನಲ್ಲಿ ನೋಡಿ, ಅಕ್ಕಿ ಮೂಟೆಗಳನ್ನು ಅಟ್ಟಕ್ಕೇರಿಸಲು ಕೈಜೋಡಿಸಿ, ಕಾಫಿಯನ್ನೂ ಕುಡಿಯದೆ ಹೋದರಂತೆ.